ಮೂರು ಬಿಡಿಹಾಳೆ

ಪತ್ರ ಬಂದದ್ದು ಸೋಮವಾರ. ವಿಭಾಗದ ಗುಮಾಸ್ತರು ಅದನ್ನು ನನ್ನ ಮೇಜಿನ ಮೇಲಿಟ್ಟು, "ಪರವಾಗಿಲ್ವೇ, ನಿನಗೂ ಕಾಗದ ಬರೆಯೋರು ಇದಾರೆ," ಎಂದು ನಕ್ಕು ಹೋದರು. ನೀಲಿ ಶಾಯಿಯ ದುಂಡಗಿನ ಅಕ್ಷರ. ಎಲ್ಲಿಯೂ ಒಂದು ಚಿತ್ತಿಲ್ಲ.

"ನಾನು ನಿವೃತ್ತ ನರ್ಸ್. ಅರವತ್ತು ವರ್ಷದ ಹಿಂದೆ ಟ್ರಾಮ್ ಡಿಪೋದಲ್ಲಿ ಟೈಮ್‌ಕೀಪರ್ ಆಗಿದ್ದವರು ನನ್ನ ತಂದೆ. ಮುಷ್ಕರದ ಸಮಯದಲ್ಲಿ ಗೋದಾಮಿನಲ್ಲಿ ಅಡಗಿದ್ದ ಇಪ್ಪತ್ತೊಂದು ಜನರ ಸುಳಿವನ್ನು ಪೊಲೀಸರಿಗೆ ಕೊಟ್ಟವರು ಅವರೇ ಎಂದು ನೀವು ಬರೆದಿದ್ದೀರಿ. ನೀವು ನೋಡಿದ ಕಾಗದವನ್ನು ನಾನೂ ಒಮ್ಮೆ ನೋಡಬೇಕು. ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಬರುತ್ತೇನೆ. ಜಗಳಕ್ಕೆ ಅಲ್ಲ."

ಕೊನೆಯ ಎರಡು ಶಬ್ದ ಓದಿದಾಗ ಅಂಗೈ ಸ್ವಲ್ಪ ಬೆವರಿತು. ಆದರೆ ಅದು ಇನ್ನೂ ಭಯವಲ್ಲ. ಮುಜುಗರ ಅಷ್ಟೇ. ಕಾಗದ ಇದೆ, ನಾನು ನೋಡಿದ್ದೇನೆ, ಕೈಯಾರೆ ನಕಲು ಮಾಡಿಕೊಂಡಿದ್ದೇನೆ. ಸತ್ತವರ ಮಕ್ಕಳಿಗೆ ನೋವಾಗುತ್ತದೆ, ಅದಕ್ಕೆ ನಾನೇನು ಮಾಡಲಿ ಎಂದುಕೊಂಡೆ. ಈಗ ನೆನೆಸಿಕೊಂಡರೆ ಆ ಒಂದು ಗಂಟೆಯ ನೆಮ್ಮದಿಯೇ ನನಗೆ ಎಲ್ಲಕ್ಕಿಂತ ಹೆಚ್ಚು ನಾಚಿಕೆ ತರುತ್ತದೆ.

ನಾನು ಬರೆದದ್ದು ಆ ಮುಷ್ಕರದ ಬಗ್ಗೆ ಅಲ್ಲ, ಅದರ ನಂತರದ ಮೌನದ ಬಗ್ಗೆ. ಸಿಕ್ಕಿಬಿದ್ದವರಲ್ಲಿ ಮೂವರು ಜೈಲಿನಲ್ಲಿ ಸತ್ತರು. ಸುಳಿವು ಕೊಟ್ಟವರು ಯಾರೆಂದು ಊರಿನಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ. ಒಂದು ಊರಿಗೆ ಊರೇ ಅರವತ್ತು ವರ್ಷ ಹೇಗೆ ಸುಮ್ಮನಿರುತ್ತದೆ? ಆ ಪ್ರಶ್ನೆ ಹಿಡಿದುಕೊಂಡು ಐದು ವರ್ಷ ಕಳೆದೆ. ಚಿಕ್ಕಂದಿನಿಂದಲೂ ನನಗೆ ಮಾತಿಗಿಂತ ಮಾತು ನಿಂತ ಜಾಗ ಇಷ್ಟ. ಅಮ್ಮ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ ಮುಗಿಸಿ ಬಂದು, ಅಪ್ಪನ ಸುದ್ದಿ ಎತ್ತಿದಾಗಲೆಲ್ಲ ಒಲೆಯ ಕಡೆ ತಿರುಗಿ ನಿಲ್ಲುತ್ತಿದ್ದಳು. ಆ ಬೆನ್ನು ನೋಡಿ ನೋಡಿ ಬೆಳೆದವಳು ನಾನು. ಇತಿಹಾಸ ವಿಭಾಗಕ್ಕೆ ಬಂದಾಗ ಆ ಚಾಳಿಗೇ ಇಲ್ಲಿ ಒಂದು ಮೇಜು, ಒಂದು ಕುರ್ಚಿ ಸಿಕ್ಕಿತು.

ಪಿಎಚ್.ಡಿ. ಪ್ರಬಂಧದ ನಾಲ್ಕನೆಯ ಅಧ್ಯಾಯದಲ್ಲಿ ಆ ಮೌನವನ್ನು ನಾನು ಒಡೆದಿದ್ದೆ. ಪೊಲೀಸ್ ಅಧಿಕಾರಿಯೊಬ್ಬನ ವರದಿಯಲ್ಲಿ ಸಿಕ್ಕ ಒಂದೇ ವಾಕ್ಯ: "ಹದಿನಾಲ್ಕು ವರ್ಷದಿಂದ ಡಿಪೋದಲ್ಲಿರುವ ಟೈಮ್‌ಕೀಪರ್ ಗೋದಾಮಿನ ವಿಷಯ ತಿಳಿಸಿದ." ಎಂಟು ತಿಂಗಳ ಹಿಂದೆ ಅದು ಲೇಖನವಾಗಿ ಅಚ್ಚಾಯಿತು. ಒಂದು ಪತ್ರಿಕೆ ಅದನ್ನೆತ್ತಿಕೊಂಡು ನಾಲ್ಕು ಕಾಲಂ ಬರೆಯಿತು. "ಮಾತಿಲ್ಲದ ಕಡೆಯಿಂದ ಮಾತು ತೆಗೆಯೋದು ಈ ಹುಡುಗಿಗೆ ಗೊತ್ತು," ಎಂದು ನಮ್ಮ ಗೈಡ್ ತುಂಬಿದ ಸಭೆಯಲ್ಲಿ ಹೇಳಿದರು. ಪ್ರಬಂಧ ಸಲ್ಲಿಸಿಯಾಗಿತ್ತು. ಮುಂದಿನ ಸೋಮವಾರ ಮೌಖಿಕ ಪರೀಕ್ಷೆ.

ಆ ಹೆಂಗಸಿಗೆ ತೋರಿಸಲೆಂದು ಟಿಪ್ಪಣಿ ಪುಸ್ತಕ ತೆಗೆದೆ.

ಟಿಪ್ಪಣಿ ಪುಸ್ತಕದ ಬಗ್ಗೆ ನಮ್ಮ ಗೈಡ್‌ರದ್ದು ಒಂದು ಕಟ್ಟಳೆ. ಅವರಿಗೆ ಅವರ ಗುರುಗಳಿಂದ ಬಂದದ್ದು. ಬಲಪುಟ ಕಾಗದದ್ದು, ಎಡಪುಟ ನಿನ್ನದು. ದಾಖಲೆಯಲ್ಲಿ ಕಣ್ಣಿಗೆ ಕಂಡದ್ದನ್ನು ಮಾತ್ರ ಬಲಗಡೆ ಬರೆಯಬೇಕು. ನಮ್ಮ ಊಹೆ, ಅನುಮಾನ, ಹುಳ ತಿಂದ ಜಾಗದಲ್ಲಿ ಏನಿದ್ದಿರಬಹುದೆಂಬ ಲೆಕ್ಕಾಚಾರ ಎಲ್ಲ ಎಡಗಡೆ. ಎಡಪುಟದಲ್ಲಿ ಪ್ರಶ್ನೆಯ ಚಿಹ್ನೆ ಹಾಕುವ ಅಗತ್ಯವೂ ಇಲ್ಲ. ಎಡಪುಟವೇ ಒಂದು ಪ್ರಶ್ನೆ. ಐದು ವರ್ಷದಲ್ಲಿ ಹನ್ನೊಂದು ಪುಸ್ತಕ ಹೀಗೆ ತುಂಬಿಸಿದ್ದೆ. ಪುಸ್ತಕವನ್ನು ಓರೆಯಾಗಿಟ್ಟುಕೊಂಡು ಎಡಪುಟಕ್ಕೆ ಬರೆಯುವ ಅಭ್ಯಾಸ ನನಗೆ. ಹಾಗಾಗಿ ಅಲ್ಲಿನ ಅಕ್ಷರಗಳೆಲ್ಲ ಎಡಕ್ಕೆ ವಾಲಿಕೊಂಡಿರುತ್ತವೆ. ಈಗ ಎಲ್ಲಿ ಊಹೆ ಬರೆದರೂ ಕೈ ಹಾಗೆಯೇ ವಾಲುತ್ತದೆ.

ಹನ್ನೊಂದನೆಯ ಪುಸ್ತಕದಲ್ಲಿ ಆ ವರದಿ ಇರಲಿಲ್ಲ. ಎರಡು ಸಲ ತಿರುವಿದೆ. ಮೂರನೆಯ ಸಲ ಹಿಂದಿನ ರಟ್ಟಿನ ಚೀಲಕ್ಕೆ ಬೆರಳು ತಾಗಿತು. ಒಳಗೆ ಮಡಚಿಟ್ಟ ಮೂರು ಬಿಡಿಹಾಳೆ.

ಆಗ ನೆನಪಾಯಿತು. ದಾಖಲೆ ಕೇಂದ್ರದಲ್ಲಿ ನನ್ನ ಕೊನೆಯ ದಿನ ಅದು. ಮಧ್ಯಾಹ್ನಕ್ಕೆ ಪುಸ್ತಕ ತುಂಬಿಹೋಯಿತು, ನಾಲ್ಕಕ್ಕೆ ಬಾಗಿಲು ಹಾಕುತ್ತಾರೆ. ಆ ಕಡತಗಳು ಎಷ್ಟು ಪುಡಿಪುಡಿಯಾಗಿದ್ದವೆಂದರೆ ಫೋಟೋ ತೆಗೆಯಲು ಬಿಡುತ್ತಿರಲಿಲ್ಲ. ಪೆನ್ಸಿಲ್ಲಿನಲ್ಲಿ ಬರೆದುಕೊಳ್ಳಬಹುದು, ಅಷ್ಟೇ. ಓದುಕೋಣೆ ನೋಡಿಕೊಳ್ಳುವವರು ತಮ್ಮ ಪ್ಯಾಡಿನಿಂದ ಮೂರು ಹಾಳೆ ಹರಿದು ಕೊಟ್ಟರು. ಅವುಗಳ ಮೇಲೆ ಗಡಿಬಿಡಿಯಲ್ಲಿ ಬರೆದುಕೊಂಡೆ.

ಬಿಡಿಹಾಳೆಗೆ ಬಲವೂ ಇಲ್ಲ, ಎಡವೂ ಇಲ್ಲ.

ಮೊದಲ ಹಾಳೆಯ ಆರನೆಯ ಸಾಲು. "ಹದಿನಾಲ್ಕು ವರ್ಷದಿಂದ ಡಿಪೋದಲ್ಲಿರುವ" ನೆಟ್ಟಗಿತ್ತು. "ಗೋದಾಮಿನ ವಿಷಯ ತಿಳಿಸಿದ" ಕೂಡ ನೆಟ್ಟಗಿತ್ತು. ನಡುವಿನ "ಟೈಮ್‌ಕೀಪರ್" ಎಂಬ ಒಂದೇ ಪದ ಎಡಕ್ಕೆ ವಾಲಿತ್ತು.

ಕುರ್ಚಿ ನನ್ನ ಕೆಳಗಿನಿಂದ ಸರಿದ ಹಾಗಾಯಿತು. ಮೇಜಿನ ಅಂಚು ಹಿಡಿದುಕೊಂಡೆ. ಹುಳ ತಿಂದ ಒಂದು ತೂತು ಕಣ್ಣ ಮುಂದೆ ಬಂತು. ಅದರಲ್ಲಿ ಯಾವ ಪದ ಇದ್ದಿರಬಹುದೆಂದು ಪೆನ್ಸಿಲ್ ಕಚ್ಚುತ್ತ ಕುಳಿತದ್ದು ನೆನಪಾಯಿತು. ಅದರ ಹಿಂದಿನ ವಾರ ನೋಡಿದ ನೌಕರರ ಪಟ್ಟಿಯಲ್ಲಿ ಟೈಮ್‌ಕೀಪರನ ಸೇವೆ ಹದಿನಾಲ್ಕು ವರ್ಷ ಎಂದಿತ್ತು. ಹಾಗಾಗಿ ಇವನಿರಬಹುದು ಎಂದು ಊಹಿಸಿ, ಆ ಖಾಲಿ ಜಾಗದಲ್ಲಿ ತುಂಬಿದ್ದೆ. ವರ್ಷದ ನಂತರ ಪ್ರಬಂಧ ಬರೆಯಲು ಕುಳಿತಾಗ ಆ ಊಹೆ ನನಗೇ ಮರೆತುಹೋಗಿತ್ತು. ನನ್ನ ಕೈಬರಹವನ್ನೇ ನಾನು ದಾಖಲೆಯೆಂದು ಓದಿದ್ದೆ.

"ಏನೇ, ಮುಖ ಸುಣ್ಣ ಆಗಿದೆ? ಪರೀಕ್ಷಕರು ಬದಲಾದ್ರಾ?"

ಪಕ್ಕದ ಮೇಜಿನವನು. ಏಳನೆಯ ವರ್ಷ ಅವನಿಗಿಲ್ಲಿ. ನಾವೆಲ್ಲ ಅವನನ್ನು ತಾತ ಎಂದೇ ಕರೆಯುವುದು. ತಾನು ಶುರು ಮಾಡಿದಾಗ ವರ್ತಮಾನವಾಗಿದ್ದ ವಿಷಯ ಈಗ ತಾನಾಗಿಯೇ ಇತಿಹಾಸವಾಗಿದೆ ಎಂದು ಅವನೇ ಹೇಳಿಕೊಂಡು ನಗುತ್ತಾನೆ. ನಾನು ಮಾತಾಡದೆ ಹಾಳೆ ಅವನ ಕಡೆ ತಳ್ಳಿದೆ. ಓದಿದ. ಮತ್ತೊಮ್ಮೆ ಓದಿದ. ಮುಖದ ನಗು ಮಾಯವಾಯಿತು.

"ಇದು ಎಡಪುಟ ಕಣೇ."

"ಹೂಂ."

"ನೀನು ಬಲಪುಟ ಅನ್ಕೊಂಡು..."

"ಹೂಂ ಅಂದ್ನಲ್ಲ."

ಅವನು ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದ. "ಆ ಕಡತ ಬೇರೆ ಯಾರು ನೋಡಿದಾರೆ?"

"ಯಾರೂ ಇಲ್ಲ. ನೋಡಿದೋರು ಸಹಿ ಹಾಕೋ ಚೀಟೀಲಿ ನನ್ನದೊಂದೇ ಇರೋದು."

"ಹಾಗಾದ್ರೆ ಯಾಕೆ ಸಾಯ್ತೀಯಾ? ಆ ಪರೀಕ್ಷಕ ಮೂರು ಗಂಟೆ ರೈಲಲ್ಲಿ ಕೂತ್ಕೊಂಡು ಹೋಗಿ ಹುಳ ತಿಂದ ಕಾಗದ ಎತ್ತಿ ನೋಡ್ತಾನಾ? ಸೋಮವಾರ ಒಂದು ಮುಗೀಲಿ. ಆಮೇಲೆ ನಿಧಾನಕ್ಕೆ ಒಂದು ತಿದ್ದುಪಡಿ ಹಾಕು. ಸಣ್ಣಕ್ಷರದಲ್ಲಿ."

"ಗುರುವಾರ ಆ ನರ್ಸಮ್ಮ ಬರ್ತಾರೆ."

"ಅಚ್ಚಾದ ಲೇಖನ ಕೊಡು ಕೈಗೆ. ಅಚ್ಚಾಗಿದ್ದು ಅಂದ್ರೆ ಜನ ಕೈ ಮುಗೀತಾರೆ." ಆಮೇಲೆ ಬೇರೆಯೇ ದನಿಯಲ್ಲಿ, "ನಾನು ಹೇಳ್ದೆ ಅಂತ ಎಲ್ಲೂ ಬರೀಬೇಡ ಮಾರಾಯ್ತಿ," ಎಂದ. ತಮಾಷೆಗೆಂದು ಶುರು ಮಾಡಿದ ಮಾತು, ಮುಗಿಯುವಾಗ ತಮಾಷೆ ಉಳಿದಿರಲಿಲ್ಲ.

ಅವನ ಮಾತು ತಪ್ಪೆಂದು ನನಗೆ ಅನ್ನಿಸಲಿಲ್ಲ. ಅದೇ ನನ್ನನ್ನು ಹೆದರಿಸಿದ್ದು. ಭೂಮಿಯ ಮೇಲೆ ಈ ಸಂಗತಿ ಗೊತ್ತಿರುವವಳು ನಾನೊಬ್ಬಳೇ, ಈಗ ಇವನು. ನಾನು ಬಾಯಿ ಮುಚ್ಚಿಕೊಂಡರೆ ಸಾಕು. ಒಂದು ಊರು ಅರವತ್ತು ವರ್ಷ ಹೇಗೆ ಸುಮ್ಮನಿರುತ್ತದೆ ಎಂದು ನಾಲ್ಕು ನೂರು ಪುಟ ಬರೆದಿದ್ದೆ. ಅದು ಎಷ್ಟು ಸುಲಭ ಎಂದು ಆಗ ಗೊತ್ತಿರಲಿಲ್ಲ.

ಸಂಜೆ ಅಮ್ಮನ ಫೋನು. "ಸೋಮವಾರ ಯಾವ ಬಣ್ಣದ ಬಟ್ಟೆ ಹಾಕ್ಕೋತೀಯೇ? ಇಸ್ತ್ರಿ ಮಾಡಿ ಕಳಿಸ್ಲಾ? ನಿನ್ನ ದೊಡ್ಡಮ್ಮ ಕೇಳ್ತಿದ್ಲು, ಇವಳು ಡಾಕ್ಟರ್ ಆದ್ರೆ ಮೊಣಕಾಲು ನೋವಿಗೆ ಮಾತ್ರೆ ಬರೀತಾಳಾ ಅಂತ." ನಾನು ನಗಬೇಕಿತ್ತು. ಗಂಟಲಿನಿಂದ ಏನೋ ಒಂದು ಸದ್ದು ಬಂತು. "ನೆಗಡಿ ಆಗಿದ್ಯಾ?" ಎಂದಳು. ಹೌದು ಎಂದೆ. ಅದೂ ಸುಳ್ಳು.

ಮಂಗಳವಾರ ಗೈಡ್‌ಗೆ ಹೇಳಿಬಿಡಬೇಕೆಂದು ಹೋದೆ. ಅವರ ಕೋಣೆಯಲ್ಲಿ ಕುರ್ಚಿಗಳ ಮೇಲೆಲ್ಲ ಪುಸ್ತಕ. "ಬಾಮ್ಮ. ಒಂದು ಶತಮಾನ ಎತ್ತಿ ಕೆಳಗಿಟ್ಟು ಕೂತ್ಕೋ," ಎಂದರು. ಎಲ್ಲರಿಗೂ ಹೀಗೆಯೇ ಹೇಳುತ್ತಾರೆ. ಅವರ ಮುಂದೆ ಅಚ್ಚಿಗೆ ಹೋಗುವ ಮೊದಲಿನ ಕರಡಚ್ಚು ಹರಡಿತ್ತು. ಹದಿನೆಂಟು ವರ್ಷದಿಂದ ಬರೆಯುತ್ತಿದ್ದ ಪುಸ್ತಕ. ಮುಂದಿನ ವರ್ಷ ಅವರ ನಿವೃತ್ತಿ.

"ಇಲ್ಲಿ ನೋಡು, ನೂರಾ ಹನ್ನೆರಡನೇ ಪುಟ. ನಿನ್ನ ಹೆಸರು ಹಾಕಿದೀನಿ. ಕೆಳಗೆ ಅಡಿಟಿಪ್ಪಣಿಲಿ ಅಲ್ಲ, ಮೇಲೇನೇ. ಟೈಮ್‌ಕೀಪರ್ ವಿಷಯ ಕಂಡುಹಿಡಿದವಳು ನನ್ನ ಶಿಷ್ಯೆ ಅಂತ."

"ಸರ್, ಆ ಕಡತ ನೀವು..."

"ನಾನು ಹೋಗಿ ನೋಡ್ಲಿಲ್ಲ. ಮಂಡಿ ಬಿಡ್ಬೇಕಲ್ಲ. ನೀನು ನೋಡಿದ್ರೆ ನಾನು ನೋಡಿದ ಹಾಗೆ."

ಅವರು ಕನ್ನಡಕ ತೆಗೆದು ನನ್ನ ಕಡೆ ನೋಡುತ್ತಿದ್ದರು. "ಆ ಟೈಮ್‌ಕೀಪರ್ ಮಗಳು ಗುರುವಾರ ಬರ್ತಾರಂತೆ ಸರ್. ಮೂಲ ನೋಡ್ಬೇಕಂತೆ," ಎಂದಷ್ಟೇ ಹೇಳಿದೆ.

"ಪಾಪ. ಬರ್ಲಿ, ತೋರ್ಸು. ಹೆದರ್ಕೊಂಡಿದ್ಯಾ? ಕಾಗದ ಇದ್ಯಲ್ಲಮ್ಮ, ನಿನಗ್ಯಾಕೆ ಭಯ?"

ಹೊರಗೆ ಬಂದು ಮೆಟ್ಟಿಲ ತಿರುವಿನಲ್ಲಿ ನಿಂತೆ. ಇನ್ನೊಂದು ದಾರಿ ಇತ್ತು. ನನ್ನ ಊಹೆ ಸರಿಯೇ ಆಗಿರಬಹುದು. ತೂತಿನ ಅಂಚಿನಲ್ಲಿ ಒಂದೆರಡು ಅಕ್ಷರ ಉಳಿದಿರಬಹುದು, ಆ ದಿನ ಗಡಿಬಿಡಿಯಲ್ಲಿ ನನಗೆ ಕಾಣದಿದ್ದದ್ದು. ಬುಧವಾರ ಬೆಳಗಿನ ಮೊದಲ ರೈಲು ಹಿಡಿದೆ. ದಾರಿಯುದ್ದಕ್ಕೂ ನಾನು ಬೇಡಿಕೊಂಡದ್ದು ಒಂದೇ: ಆ ಮನುಷ್ಯ ನಿಜವಾಗಿಯೂ ದ್ರೋಹಿಯಾಗಿರಲಿ. ಎಂದೂ ಕಾಣದ, ಸತ್ತು ಎಷ್ಟೋ ವರ್ಷವಾದ ಒಬ್ಬ ಮನುಷ್ಯ ಮೂವರ ಸಾವಿಗೆ ಕಾರಣನಾಗಿರಲಿ ಎಂದು ನಾನು ಕಿಟಕಿಗೆ ತಲೆಯಿಟ್ಟು ಬೇಡಿಕೊಂಡೆ.

ಓದುಕೋಣೆ ನೋಡಿಕೊಳ್ಳುವವರು ನನ್ನ ಗುರುತು ಹಿಡಿದರು. "ಓಹೋ, ಹಾಳೆ ಇಸ್ಕೊಂಡು ಹೋದೋರು! ನನ್ನ ಮೂರು ಹಾಳೆ ವಾಪಸ್ ತಂದ್ರಾ?"

ನಾನು ನಗದಿದ್ದುದನ್ನು ಕಂಡು ಅವರು ಪೆನ್ಸಿಲ್ ಮುಂದೆ ಸರಿಸಿದರು. ಚೀಟಿ ಬರೆದುಕೊಟ್ಟೆ. ನಲವತ್ತು ನಿಮಿಷದ ಮೇಲೆ ಕಡತ ಬಂತು. ಅದರ ಮೇಲಿನ ಚೀಟಿಯಲ್ಲಿ ನನ್ನ ಹಳೆಯ ಸಹಿ. ಅದರ ಕೆಳಗೆ ಇನ್ನೊಮ್ಮೆ ನನ್ನದೇ ಸಹಿ ಹಾಕಿದೆ.

ತೂತು ಹೆಬ್ಬೆರಳಿನ ಉಗುರಿನಷ್ಟಿತ್ತು. ಹಿಂದೆ ಬಿಳಿಹಾಳೆ ಇಟ್ಟೆ. ಬಿಳಿ ಕಂಡಿತು. ಕಿಟಕಿಯ ಕಡೆ ತಿರುಗಿಸಿದೆ, ಬೆಳಕು ಕಂಡಿತು.

"ಅಣ್ಣಾ, ಸ್ವಲ್ಪ ಇಲ್ಲಿ ನೋಡಿ. ನಿಮಗೇನಾದ್ರೂ ಕಾಣತ್ತಾ?"

ಅವರು ಭೂತಗನ್ನಡಿ ತಂದು ಬಗ್ಗಿದರು. "ತೂತು ಕಾಣತ್ತೆ."

"ಅಕ್ಷರ?"

"ಅಕ್ಷರ ಹುಳದ ಹೊಟ್ಟೇಲಿದೆ ತಾಯಿ."

ತೂತಿನ ಎಡ ಅಂಚಿನಲ್ಲಿ ಮಾತ್ರ ಕೂದಲೆಳೆಯಷ್ಟು ಶಾಯಿ ಉಳಿದಿತ್ತು. ಯಾವುದೋ ಅಕ್ಷರದ ಕಾಲು. ಅದನ್ನೇ ನೋಡುತ್ತ ಕುಳಿತೆ. ನೋಡಿದಷ್ಟೂ ಅದು ನನಗೆ ಬೇಕಾದ ಅಕ್ಷರವಾಗತೊಡಗಿತು. ಕಣ್ಣು ಮುಚ್ಚಿ ತೆರೆದರೆ ಮತ್ತೆ ಬರಿಯ ಗೆರೆ. ನನ್ನ ಕಣ್ಣಿನ ಮೇಲೆ ನನಗಿದ್ದ ನಂಬಿಕೆ ಅಲ್ಲಿಗೆ ಹೋಯಿತು.

ಆಮೇಲೆ ನಡೆದದ್ದನ್ನು ಬರೆಯಲು ಕೈ ಬರುತ್ತಿಲ್ಲ. ಅವರು ಬೇರೆ ಮೇಜಿನ ಕಡೆ ಹೋಗಿದ್ದರು. ನನ್ನ ಹೆಬ್ಬೆರಳು ಆ ಅಂಚಿನ ಮೇಲಿತ್ತು. ಆ ಕಾಗದ ಹಪ್ಪಳಕ್ಕಿಂತ ಪುಡಿ. ಒಂದಿಷ್ಟು ಒತ್ತಿದರೆ ಆ ಶಾಯಿಯ ಎಳೆಯೂ ಉದುರುತ್ತದೆ, ತೂತು ಇನ್ನಷ್ಟು ದೊಡ್ಡದಾಗುತ್ತದೆ. ಆ ಜಾಗದಲ್ಲಿ ಮೊದಲು ಏನಿತ್ತೆಂದು ಆಮೇಲೆ ಯಾರೂ ಹೇಳಲಾರರು. ನಾನು ನೋಡಿದಾಗ ಪದ ಇತ್ತು ಎಂದರೆ, ಇರಲಿಲ್ಲ ಎನ್ನುವವರು ಯಾರು? ಇದನ್ನೆಲ್ಲ ನಾನು ಯೋಚಿಸಲೂ ಇಲ್ಲ. ಹೆಬ್ಬೆರಳಿಗೆ ತಾನಾಗಿಯೇ ಗೊತ್ತಿದ್ದ ಹಾಗಿತ್ತು.

ಕೈ ಹಿಂದಕ್ಕೆಳೆದುಕೊಂಡೆ. ಹೆಬ್ಬೆರಳಿನ ತುದಿಗೆ ಕಂದು ಬಣ್ಣದ ಒಂದು ಚೂರು ಅಂಟಿಕೊಂಡಿತ್ತು. ಬಗ್ಗಿ ನೋಡಿದೆ. ಶಾಯಿಯ ಎಳೆ ಇನ್ನೂ ಅಲ್ಲೇ ಇತ್ತು. ಅಂಟಿದ್ದು ಖಾಲಿ ಅಂಚಿನ ಚೂರು. ಆದರೂ ರೈಲಿನಲ್ಲಿ ಬರುವಾಗ ಆ ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಟ್ಟುಕೊಂಡೇ ಬಂದೆ. ಅಲ್ಲಿಯವರೆಗೆ ನನಗಿದ್ದದ್ದು ಸಿಕ್ಕಿಬೀಳುವ ಭಯ. ಆ ಮೂರು ಗಂಟೆ ನಾನು ಹೆದರಿದ್ದು ನನಗೇ.

ಗುರುವಾರ ಹನ್ನೊಂದಕ್ಕೆ ಐದು ನಿಮಿಷ ಇರುವಾಗಲೇ ಅವರು ಬಂದರು. ಸಣ್ಣ ಆಳು, ಬೆಳ್ಳಗಿನ ಕೂದಲು, ಸದ್ದು ಮಾಡದ ಚಪ್ಪಲಿ. ತಾತ ನನ್ನ ಮುಖ ನೋಡಿ, "ನಾನು ಗ್ರಂಥಾಲಯದಲ್ಲಿರ್ತೀನಿ," ಎಂದು ಎದ್ದು ಹೋದ. ಅವರು ಅವನ ಕುರ್ಚಿಯಲ್ಲಿ ಕುಳಿತು ಮೊದಲು ನೋಡಿದ್ದು ನನ್ನ ಕೈಗಳನ್ನು.

"ಯಾಕಮ್ಮ ನಡುಗ್ತಿದೆ? ಬೆಳಿಗ್ಗೆ ಏನೂ ತಿಂದಿಲ್ವಾ?"

"ತಿಂದೆ," ಎಂದೆ. ತಿಂದಿರಲಿಲ್ಲ.

"ನಾನು ಜಾಸ್ತಿ ಹೊತ್ತು ತಗೊಳಲ್ಲ. ಅಮ್ಮನ್ನ ಪಕ್ಕದ ಮನೆಯವರ ಹತ್ರ ಬಿಟ್ಟು ಬಂದಿದೀನಿ. ಎಂಬತ್ತೆಂಟು ಅವಳಿಗೆ." ಚೀಲವನ್ನು ತೊಡೆಯ ಮೇಲೆ ನೆಟ್ಟಗೆ ಇಟ್ಟುಕೊಂಡರು. "ಕಾರ್ಮಿಕ ಸಂಘದ ಕಟ್ಟಡದಲ್ಲಿ ಮುಷ್ಕರ ಮಾಡಿದೋರ ಹೆಸರಿನ ಹಲಗೆ ಇದೆ, ನೋಡಿರ್ತೀಯಲ್ಲ. ಅಪ್ಪನದು ಹದಿನೇಳನೇ ಹೆಸರು. ಈಗ ಹದಿನಾರು ಆದ್ಮೇಲೆ ಒಂದು ಬಿಳೀ ಪಟ್ಟಿ, ಆಮೇಲೆ ಹದಿನೆಂಟು. ಪ್ರತಿ ವರ್ಷ ಮುಷ್ಕರದ ದಿನ ಸಂಘದೋರು ಬಂದು ಅಮ್ಮನ್ನ ಕರ್ಕೊಂಡು ಹೋಗೋರು, ಮುಂದಿನ ಸಾಲಲ್ಲಿ ಕೂರ್ಸೋರು. ಈ ವರ್ಷ ಸೀರೆ ಉಟ್ಕೊಂಡು ಮಧ್ಯಾಹ್ನದವರೆಗೂ ಬಾಗಿಲಲ್ಲಿ ಕೂತಿದ್ಲು. ‘ಮರೆತ್ರೇನೇ?’ ಅಂದ್ಲು. ಮರೆತಿರ್ತಾರೆ ಬಿಡು ಅಂದೆ."

ನಾನು ಡ್ರಾಯರಿನ ಹಿಡಿಯ ಮೇಲೆ ಕೈಯಿಟ್ಟೆ.

"ಅವಳಿಗೆ ಇನ್ನೂ ಹೇಳಿಲ್ಲ ನಾನು. ಹೇಳೋದಾದ್ರೆ ಕಣ್ಣಾರೆ ನೋಡಿ ಹೇಳ್ಬೇಕು. ಅಪ್ಪ ಮಾಡಿದ್ರೆ ಮಾಡಿದಾನೆ. ಮೂವತ್ತಾರು ವರ್ಷ ವಾರ್ಡಿನ ಹೊರಗೆ ನಿಂತು ಜನಕ್ಕೆ ಕೆಟ್ಟ ಸುದ್ದಿ ಹೇಳಿದೀನಿ. ಕೇಳಿಸ್ಕೊಳ್ಳೋಕೂ ಬರತ್ತೆ. ಕೊಡು."

ಮೇಜಿನ ಡ್ರಾಯರಿನಲ್ಲಿ ಎರಡೂ ಇದ್ದವು. ಬಿಡಿಹಾಳೆ ಮೇಲಿತ್ತು, ಅಚ್ಚಾದ ಲೇಖನ ಅದರ ಕೆಳಗಿತ್ತು. ನನ್ನ ಕೈ ಮೇಲಿನದನ್ನು ಸರಿಸಿ ಕೆಳಗಿನದನ್ನು ತೆಗೆಯಿತು. ಅದನ್ನು ಅವರ ಮುಂದಿಟ್ಟೆ.

ಅವರು ಮುಟ್ಟಲಿಲ್ಲ. "ಇದು ನನ್ನ ಹತ್ರಾನೂ ಇದೆ. ಇದಕ್ಕಿಂತ ಹಿಂದಿನದು ಕೊಡು."

"ಮೂಲ ಕಡತ ಬೇರೆ ಊರಲ್ಲಿದೆ ಅಮ್ಮ."

"ಸರಿ. ನೀನು ಬರ್ಕೊಂಡಿದ್ದು?"

ಮುಚ್ಚಲು ಬಾರದ ಕಿಟಕಿಗೆ ತಾತ ಸಿಕ್ಕಿಸಿದ್ದ ಕಾಗದದ ಮಡಿಕೆ ಗಾಳಿಗೆ ಟಪಟಪ ಎನ್ನುತ್ತಿತ್ತು. ಈಗ ಒಂದು ಮಾತು, ಹುಡುಕಬೇಕು ಎಂದರೆ ಸಾಕು. ಮುಂದಿನ ವಾರ ಬನ್ನಿ ಎಂದರೆ ಸಾಕು. ಅವರು ನನ್ನನ್ನೇ ನೋಡುತ್ತಿದ್ದರು. ನಾಡಿ ಹಿಡಿದವರ ಹಾಗೆ, ಅವಸರವಿಲ್ಲದೆ.

ಬಿಡಿಹಾಳೆ ತೆಗೆದುಕೊಟ್ಟೆ.

ಕನ್ನಡಕ ಹಾಕಿಕೊಂಡು ಬೆರಳಿಟ್ಟು ಓದಿದರು. ಆರನೆಯ ಸಾಲಿನಲ್ಲಿ ಬೆರಳು ನಿಂತಿತು.

"ಇದೊಂದು ಯಾಕೆ ಹೀಗೆ ವಾಲ್ಕೊಂಡಿದೆ?"

"ಅದು ಕಾಗದದಲ್ಲಿಲ್ಲ." ನನ್ನ ದನಿ ನನಗೇ ಗುರುತು ಸಿಗಲಿಲ್ಲ. "ಅಲ್ಲಿ ಹುಳ ತಿಂದಿದೆ. ಅದು ನಾನು ಊಹೆ ಮಾಡಿದ್ದು. ಆಮೇಲೆ ಊಹೆ ಅನ್ನೋದು ಮರೆತುಹೋಯ್ತು. ನಿನ್ನೆ ಹೋಗಿ ಮತ್ತೆ ನೋಡ್ಬಂದೆ. ತೂತು ಮಾತ್ರ ಇದೆ."

"ಅಂದ್ರೆ ನಮ್ಮಪ್ಪ ಅಂತ ಇಲ್ಲ."

"ಇಲ್ಲ."

"ನಮ್ಮಪ್ಪ ಅಲ್ಲ ಅಂತಾನೂ ಇಲ್ಲ."

"...ಇಲ್ಲ."

ಅವರು ಕನ್ನಡಕ ತೆಗೆದರು. ಬಯ್ಯುತ್ತಾರೆ ಎಂದುಕೊಂಡೆ. ಬಯ್ದರೆ ಸಾಕಿತ್ತು. ಕೇಳಿದ್ದು ಒಂದು ಪ್ರಶ್ನೆ. "ಯಾಕೆ ಅಪ್ಪನ್ನೇ ಹಾಕ್ದೆ?"

"ಹದಿನಾಲ್ಕು ವರ್ಷ ಅಂತ ಇತ್ತು. ಪಟ್ಟೀಲಿ ಅವರಿಗೆ ಹದಿನಾಲ್ಕು ಇತ್ತು."

"ಮಗೂ," ಎಂದರು. ಆ ಶಬ್ದವನ್ನು ಅಷ್ಟು ತಣ್ಣಗೆ ನನಗೆ ಯಾರೂ ಹೇಳಿರಲಿಲ್ಲ. "ಡಿಪೋ ಶುರುವಾಗಿ ಆಗ ಹದಿನಾಲ್ಕು ವರ್ಷ ಆಗಿತ್ತು. ಮೊದಲ ದಿನ ಸೇರಿದೋರಿಗೆಲ್ಲ ಹದಿನಾಲ್ಕೇ. ಅರವತ್ತು ಎಪ್ಪತ್ತು ಜನ ಒಂದೇ ದಿನ ಸೇರಿದ್ರಂತೆ. ಅಮ್ಮ ಇವತ್ತಿಗೂ ಹೇಳ್ತಾಳೆ, ಆವತ್ತು ಎಲ್ಲರಿಗೂ ಹೊಸ ಟೋಪಿ ಕೊಟ್ರು, ನಿಮ್ಮಪ್ಪಂಗೆ ಮಾತ್ರ ಸಡಿಲ ಆಯ್ತು ಅಂತ. ಪಟ್ಟೀಲಿ ಕೆಳಗೆ ನೋಡ್ಲಿಲ್ವಾ ನೀನು?"

ನೋಡಿರಲಿಲ್ಲ. ಬೇಕಾದದ್ದು ಸಿಕ್ಕ ಕೂಡಲೇ ಪಟ್ಟಿ ಮುಚ್ಚಿದ್ದೆ. ಡಿಪೋ ಶುರುವಾದ ವರ್ಷ ನನಗೆ ಗೊತ್ತಿತ್ತು. ಪ್ರಬಂಧದ ಮೊದಲ ಪುಟದಲ್ಲಿ ನಾನೇ ಬರೆದಿದ್ದೆ.

ಅವರು ಸ್ವಲ್ಪ ಹೊತ್ತು ಕಿಟಕಿಯ ಕಡೆ ತಿರುಗಿ ಕುಳಿತರು. ಹೆಗಲು ಒಮ್ಮೆ ಅಲುಗಿತು, ಅಷ್ಟೇ. ಮತ್ತೆ ಈ ಕಡೆ ತಿರುಗಿದಾಗ ಮುಖ ಕೆಲಸಕ್ಕೆ ನಿಂತವರ ಮುಖವಾಗಿತ್ತು. ಅಚ್ಚಾದ ಲೇಖನವನ್ನು ನನ್ನ ಮುಂದಕ್ಕೆ ತಳ್ಳಿದರು.

"ನಮ್ಮಲ್ಲಿ ರೋಗಿ ಚಾರ್ಟಲ್ಲಿ ತಪ್ಪು ಬರೆದ್ರೆ ಅಳಿಸೋ ಹಾಗಿಲ್ಲ. ಬಿಳಿ ಬಳಿಯೋ ಹಾಗೂ ಇಲ್ಲ. ಒಂದು ಗೆರೆ ಎಳೀಬೇಕು, ಕೆಳಗಿರೋ ತಪ್ಪು ಓದೋಕೆ ಬರೋ ಹಾಗೆ. ಪಕ್ಕದಲ್ಲಿ ಸರಿ ಬರೆದು, ಸಹಿ ಮಾಡಿ, ದಿನ, ಗಂಟೆ ಹಾಕ್ಬೇಕು. ಎಳಿ."

ಪೆನ್ನು ತೆಗೆದುಕೊಂಡೆ. ಗೆರೆ ಸೊಟ್ಟಗೆ ಹೋಯಿತು. ಪಕ್ಕದಲ್ಲಿ ಬರೆದೆ: "ಇಲ್ಲಿ ಕಾಗದವನ್ನು ಹುಳ ತಿಂದಿದೆ. ಯಾರೆಂದು ತಿಳಿಯದು. ಹೆಸರಿಸಿದ್ದು ನನ್ನ ತಪ್ಪು." ಸಹಿ ಮಾಡಿದೆ.

"ಗಂಟೆ."

ಹನ್ನೊಂದು ನಲವತ್ತು ಎಂದು ಬರೆದೆ.

"ಇನ್ನು ಮೇಲಿನೋರಿಗೆ ಹೇಳ್ಬೇಕು. ನಮ್ಮಲ್ಲಾದ್ರೆ ಡಾಕ್ಟರಿಗೆ. ನಿಮ್ಮಲ್ಲಿ ಯಾರು?"

"ಅಮ್ಮ, ಸೋಮವಾರ ನನ್ನ ಪರೀಕ್ಷೆ ಇದೆ." ಹೇಳಬಾರದಿತ್ತು, ಬಾಯಿಂದ ಬಿದ್ದುಹೋಯಿತು. "ತುಂಬಾ ಭಯ ಆಗ್ತಿದೆ."

ಅವರು ಎದ್ದು ಚೀಲ ಹೆಗಲಿಗೆ ಹಾಕಿಕೊಂಡರು. "ಆಗ್ಲಿ. ನಡಿ."

ಗೈಡ್ ಕೋಣೆಗೆ ಇಪ್ಪತ್ತೆರಡು ಹೆಜ್ಜೆ. ಎಣಿಸಿಕೊಂಡು ಹೋದೆ. ನರ್ಸಮ್ಮ ಬಾಗಿಲಲ್ಲೇ ನಿಂತರು. ನಮ್ಮ ಗೈಡ್ ಎದ್ದು ನಿಂತು ನಮಸ್ಕಾರ ಮಾಡಿ, ಒಂದು ಕುರ್ಚಿಯ ಪುಸ್ತಕಗಳನ್ನು ತಾವೇ ಎತ್ತಿ ಕೆಳಗಿಟ್ಟರು. ಶತಮಾನದ ಮಾತು ಆಡಲಿಲ್ಲ, ನನ್ನ ಮುಖ ನೋಡಿರಬೇಕು. ಬಿಡಿಹಾಳೆಯನ್ನೂ ಗೆರೆ ಎಳೆದ ಲೇಖನವನ್ನೂ ಅವರ ಮುಂದಿಟ್ಟೆ. ಹೇಳಬೇಕಾದ್ದನ್ನು ನಿಂತಲ್ಲೇ ಹೇಳಿದೆ. ಎಷ್ಟು ಹೊತ್ತು ಹಿಡಿಯಿತೋ ಗೊತ್ತಿಲ್ಲ. ಹೆಬ್ಬೆರಳಿನ ವಿಷಯವನ್ನೂ ಹೇಳಿದೆ.

ಅವರು ವಾಲಿದ ಪದವನ್ನು ನೋಡುತ್ತಲೇ ಇದ್ದರು. ಕೂಗಾಡಲಿಲ್ಲ. ಕಿವಿಯ ತುದಿ ಮಾತ್ರ ಕೆಂಪಗಾಗಿತ್ತು. ಆಮೇಲೆ ಕರಡಚ್ಚಿನಲ್ಲಿ ನೂರಾ ಹನ್ನೆರಡನೆಯ ಪುಟ ಹುಡುಕಿ ತೆಗೆದು, ಪೂರ್ತಿ ಪ್ಯಾರಾದ ಮೇಲೆ ಮೂಲೆಯಿಂದ ಮೂಲೆಗೆ ಗೆರೆ ಎಳೆದರು. ಅದರಲ್ಲಿ ನನ್ನ ಹೆಸರೂ ಇತ್ತು.

"ಹೋಗಿ ನೋಡ್ಬೇಕಾದೋನು ನಾನು," ಎಂದರು ನರ್ಸಮ್ಮನಿಗೆ. "ನೋಡ್ಲಿಲ್ಲ. ಲೇಖನ ಹಾಕಿದ ಕಡೆಗೆ, ಪತ್ರಿಕೆಗೆ, ಸಂಘಕ್ಕೆ ಇವತ್ತೇ ಪತ್ರ ಹೋಗತ್ತೆ. ಇಬ್ಬರ ಸಹೀನೂ ಇರತ್ತೆ."

"ಸಂಘಕ್ಕೆ ಪತ್ರ ಸಾಲ್ದು ಮೇಷ್ಟ್ರೇ. ಇವಳು ಬಂದು ಹೇಳ್ಬೇಕು. ಆ ಹಲಗೆ ಮುಂದೆ ನಿಂತ್ಕೊಂಡು."

ಗೈಡ್ ನನ್ನ ಕಡೆ ನೋಡಿದರು. ತಲೆಯಾಡಿಸಿದೆ. ಆ ಕಟ್ಟಡ, ಆ ಜನ, ಸತ್ತ ಮೂವರ ಮಕ್ಕಳು ಮೊಮ್ಮಕ್ಕಳು ಎಲ್ಲ ಒಟ್ಟಿಗೆ ಕಣ್ಣಿಗೆ ಕಟ್ಟಿತು.

"ನಿಮ್ಮಮ್ಮನಿಗೆ ಏನು ಹೇಳ್ತೀರಿ?" ಎಂದು ನಾನು ಕೇಳಿದೆ, ಅವರು ಹೊರಡುವಾಗ.

"ಗೊತ್ತಿಲ್ಲ ಅಂತ. ಅಷ್ಟೇ ತಾನೇ ನಿನ್ನ ಹತ್ರ ಇರೋದು?" ಮೆಟ್ಟಿಲಿಳಿಯುವ ಚಪ್ಪಲಿಯ ಸದ್ದು ಕೇಳಿಸಲಿಲ್ಲ. ಅವರು ನನ್ನನ್ನು ಕ್ಷಮಿಸಲಿಲ್ಲ, ಕ್ಷಮಿಸುತ್ತೇನೆಂಬ ನಟನೆಯನ್ನೂ ಮಾಡಲಿಲ್ಲ.

ಗೈಡ್ ಕರಡಚ್ಚನ್ನು ಒಟ್ಟುಮಾಡಿ ಬದಿಗಿಟ್ಟರು. ನಾನು ನಿಂತೇ ಇದ್ದೆ.

"ಸೋಮವಾರದ್ದು ಮುಂದಕ್ಕೆ ಹಾಕಿಸ್ತೀನಿ," ಎಂದರು ಕೊನೆಗೆ. "ಎಷ್ಟು ಮುಂದಕ್ಕೆ ಅಂತ ಈಗ ಹೇಳೋಕಾಗಲ್ಲ. ಆ ಗುಮಾಸ್ತ ನೂರು ಪ್ರಶ್ನೆ ಕೇಳ್ತಾನೆ, ನಿಜಾನೇ ಹೇಳು." ಬಿಡಿಹಾಳೆಯನ್ನು ಎತ್ತಿ ಬೆಳಕಿಗೆ ಹಿಡಿದರು. ಹಿಂದಿನ ದಿನ ನಾನು ಕಡತವನ್ನು ಹಿಡಿದ ಹಾಗೆಯೇ. "ಹೀಗೆ ಬರ್ಕೊಂಡಿದ್ದು ಎಷ್ಟು ಹಾಳೆ?"

"ಮೂರು ಸರ್."

"ಇದು ಒಂದು. ಇನ್ನೆರಡು?"

ಸೋಮವಾರದಿಂದ ಆ ಹೊತ್ತಿನವರೆಗೆ ಅವನ್ನು ಬಿಡಿಸಿ ನೋಡುವ ಯೋಚನೆಯೇ ನನಗೆ ಬಂದಿರಲಿಲ್ಲ. ಅಲ್ಲ, ಬಂದಿತ್ತು, ಬಂದದ್ದನ್ನು ಒಳಗೆ ಬಿಟ್ಟುಕೊಂಡಿರಲಿಲ್ಲ. ಐದನೆಯ ಅಧ್ಯಾಯದ ಅರ್ಧ ಆ ಎರಡು ಹಾಳೆಯ ಮೇಲೆ ನಿಂತಿತ್ತು.

"ತಗೊಂಡು ಬಾ," ಎಂದರು. "ಅದಕ್ಕೂ ಮುಂಚೆ ನೀನೇ ಒಂದ್ಸಲ ಓದು."

ಮತ್ತೆ ಇಪ್ಪತ್ತೆರಡು ಹೆಜ್ಜೆ. ತಾತ ಇನ್ನೂ ಬಂದಿರಲಿಲ್ಲ. ಹನ್ನೊಂದನೆಯ ಪುಸ್ತಕದ ರಟ್ಟಿನ ಚೀಲಕ್ಕೆ ಕೈ ಹಾಕಿದೆ. ಎರಡನೆಯ ಹಾಳೆಯ ಮಡಿಕೆ ಬಿಡಿಸಿ ಮೇಜಿನ ಮೇಲೆ ಅಂಗೈಯಿಂದ ಒತ್ತಿ ಹಿಡಿದೆ. ಮೊದಲ ಸಾಲು ನೆಟ್ಟಗಿತ್ತು. ಎರಡನೆಯದೂ, ಮೂರನೆಯದೂ ನೆಟ್ಟಗಿದ್ದವು.

ನಾಲ್ಕನೆಯ ಸಾಲಿನ ನಡುವೆ ಒಬ್ಬ ಮನುಷ್ಯನ ಹೆಸರು ಎಡಕ್ಕೆ ವಾಲಿತ್ತು.